ಊರಲ್ಲಿ ಪಾಠ ಕಲಿತ ಮೇಷ್ಟ್ರುಗಳು

ರಾಷ್ಟ್ರೀಯ ಸೇವಾ ಯೋಜನೆಯ (ಎನ್ನೆಸ್ಸೆಸ್) ಯಾವ ಸ್ಮರಣ ಸಂಚಿಕೆಯನ್ನು ತೆರೆದರೂ ಮೊದಲ ಪುಟಗಳಲ್ಲಿ ಒಂದು ಲೆಕ್ಕ ಸಿಗುತ್ತದೆ. 1969ರ ಸೆಪ್ಟೆಂಬರ್ 24ರಂದು ದೇಶದ 37 ವಿಶ್ವವಿದ್ಯಾಲಯಗಳಲ್ಲಿ, 40 ಸಾವಿರ ವಿದ್ಯಾರ್ಥಿಗಳೊಂದಿಗೆ ಯೋಜನೆ ಶುರುವಾಯಿತು ಎಂಬ ಲೆಕ್ಕ. ಅದರ ಹಿಂದೆಯೇ ನೆಟ್ಟ ಗಿಡಗಳು, ತೋಡಿದ ಇಂಗುಗುಂಡಿಗಳು, ರಕ್ತದಾನ ಮಾಡಿದವರ ಸಂಖ್ಯೆ. ನೂರು ಸ್ವಯಂಸೇವಕರಿಗೆ ಒಬ್ಬರಂತೆ ನಿಂತು ಇದನ್ನೆಲ್ಲ ನಡೆಸಿದ ಕಾರ್ಯಕ್ರಮಾಧಿಕಾರಿಯ ಹೆಸರು ವರದಿಯ ಕೊನೆಯಲ್ಲಿ ಸಹಿಯ ಜಾಗದಲ್ಲಿರುತ್ತದೆ. ಆ ಕೆಲಸವನ್ನು ಅವರು ಎಲ್ಲಿ ಕಲಿತರು, ಯಾರು ಕಲಿಸಿದರು, ಕಲಿತದ್ದರಿಂದ ಅವರ ತರಗತಿಯ ಪಾಠ ಬದಲಾಯಿತೇ ಎಂಬುದನ್ನು ಬರೆದಿಟ್ಟವರು ಕಡಿಮೆ. ಸಸ್ಯಶಾಸ್ತ್ರ ಕಲಿಸುತ್ತಲೇ ಈ ಹೊಣೆ ಹೊತ್ತವನಾಗಿ, ಆ ಬಿಟ್ಟುಹೋದ ಭಾಗವನ್ನು ತುಂಬಲು ಇಲ್ಲಿ ಯತ್ನಿಸಿದ್ದೇನೆ.

ಯೋಜನೆಯ ಬೇರು 1969ಕ್ಕಿಂತ ಹಿಂದಿನದು. 1948–49ರ ವಿಶ್ವವಿದ್ಯಾಲಯ ಶಿಕ್ಷಣ ಆಯೋಗದ ಅಧ್ಯಕ್ಷರಾಗಿದ್ದ ಎಸ್. ರಾಧಾಕೃಷ್ಣನ್ 1918ರಿಂದ 1921ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದ್ದವರು. ಶಿಕ್ಷಣ ಸಂಸ್ಥೆಗಳಲ್ಲಿ ಸ್ವಇಚ್ಛೆಯ ರಾಷ್ಟ್ರಸೇವೆ ಬರಬೇಕು, ಅದರಿಂದ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಹತ್ತಿರವಾಗಬೇಕು, ಕಾಲೇಜು ಊರಿಗೆ ಹತ್ತಿರವಾಗಬೇಕು ಎಂಬುದು ಆ ಆಯೋಗದ ಆಶಯ. 1950ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಲಹಾ ಮಂಡಳಿ ಇದೇ ವಿಷಯವನ್ನು ಎತ್ತಿಕೊಂಡಾಗ, ವಿದ್ಯಾರ್ಥಿಗಳ ದೈಹಿಕ ಶ್ರಮದಲ್ಲಿ ಅಧ್ಯಾಪಕರೂ ಜೊತೆಗೂಡಬೇಕು ಎಂದು ಸೇರಿಸಿತು. ನನ್ನ ಮಟ್ಟಿಗೆ ಈ ಚರಿತ್ರೆಯ ಮೊದಲ ಸಾಲು ಅದೇ. ಮುಂದೆ ಸಿ.ಡಿ. ದೇಶಮುಖ್ ಸಮಿತಿ ಒಂಬತ್ತು ತಿಂಗಳಿಂದ ಒಂದು ವರ್ಷದವರೆಗಿನ ಕಡ್ಡಾಯ ಸೇವೆ ಬೇಕೆಂದಿತು. ಖರ್ಚು ನೋಡಿ ಸರ್ಕಾರ ಹಿಂದೆ ಸರಿಯಿತು. ಕೆ.ಜಿ. ಸೈಯಿದೈನ್ ಬೇರೆ ದೇಶಗಳ ಅನುಭವ ನೋಡಿಬಂದು ಕಡ್ಡಾಯ ಬೇಡ ಎಂದರು. ಕೊಠಾರಿ ಆಯೋಗ ಶಿಕ್ಷಣದ ಎಲ್ಲ ಹಂತಗಳಲ್ಲೂ ಸಮಾಜಸೇವೆ ಇರಲಿ ಎಂದಿತು. ಕೊನೆಗೆ ಗಾಂಧಿ ಜನ್ಮಶತಮಾನೋತ್ಸವದ ವರ್ಷದಲ್ಲಿ ಯೋಜನೆಗೆ ಚಾಲನೆ ಕೊಟ್ಟವರು ಆಗಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್. ಅವರು ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದವರು, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರು. ಅರ್ಥಶಾಸ್ತ್ರದ ಪ್ರಾಧ್ಯಾಪಕರೊಬ್ಬರ ಕೈಯಲ್ಲಿ ಯೋಜನೆ ಹುಟ್ಟಿತೆಂಬುದು ನಮ್ಮಂಥ ಅಧ್ಯಾಪಕರಿಗೆ ಹೆಮ್ಮೆಯ ಸಂಗತಿ.

ನಮ್ಮ ನಾಡಿನಲ್ಲಿ ಅಧ್ಯಾಪಕರು ಊರಿಗೆ ಹೋಗುವ ರೂಢಿ ಇದಕ್ಕೂ ಹಳೆಯದು. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯ 1930ರ ದಶಕದಲ್ಲಿ ಪ್ರಚಾರೋಪನ್ಯಾಸಗಳನ್ನು ಆರಂಭಿಸಿತ್ತು. ಇಂಗ್ಲಿಷಿನಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರುಗಳು ತಾಲ್ಲೂಕು ಕೇಂದ್ರಗಳಿಗೆ ಬಂದು ವಿಜ್ಞಾನ, ಚರಿತ್ರೆ, ಆರೋಗ್ಯದ ವಿಷಯಗಳನ್ನು ಕನ್ನಡದಲ್ಲಿ ಹೇಳಬೇಕಾಯಿತು. ಆ ಉಪನ್ಯಾಸಗಳು ಸಣ್ಣ ಪುಸ್ತಕಗಳಾಗಿ ಕಡಿಮೆ ಬೆಲೆಗೆ ಮನೆಮನೆ ತಲುಪಿದವು. ವಿಷಯವನ್ನು ತಾಯ್ನುಡಿಗೆ ತರುವ ಕಷ್ಟದಲ್ಲಿ ಆ ತಲೆಮಾರಿನ ಅಧ್ಯಾಪಕರು ತಮ್ಮ ವಿಷಯವನ್ನೇ ಇನ್ನೊಮ್ಮೆ ಕಲಿತರು. ಅಲ್ಲಿ ಮಾತಾಡುವವರು ಮೇಷ್ಟ್ರು, ಕೇಳುವವರು ಊರಿನವರು. ಅದನ್ನು ತಿರುಗಿಸಿ, ಊರು ಹೇಳಿ ಮೇಷ್ಟ್ರು ಕೇಳುವಂತೆ ಮಾಡಲು ಮತ್ತೆ ಅರ್ಧ ಶತಮಾನ ಹಿಡಿಯಿತು.

ಶಿಬಿರದ ಶಿಸ್ತು ಬಂದದ್ದು ಬೇರೆ ದಾರಿಯಿಂದ. ಹುಬ್ಬಳ್ಳಿಯ ನಾ.ಸು. ಹರ್ಡೀಕರರು 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಮುಂದೆ ಆ ಸೇವಾದಳದ ಗರಡಿಯಲ್ಲಿ ಬೆಳೆದವರು ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಎಸ್.ಎನ್. ಸುಬ್ಬರಾವ್. ಖಾದಿಯ ಅರ್ಧ ಚಡ್ಡಿ, ಅರ್ಧ ತೋಳಿನ ಅಂಗಿ, ಬಾಯಲ್ಲಿ ಹತ್ತಾರು ಭಾಷೆಗಳ ಹಾಡು. 1972ರಲ್ಲಿ ಚಂಬಲ್ ಕಣಿವೆಯ ಜೌರಾದಲ್ಲಿ ಡಕಾಯಿತರು ಶರಣಾದ ಘಟ್ಟದಲ್ಲಿ ಅಲ್ಲಿ ದುಡಿದ ಅವರು, 2021ರಲ್ಲಿ ತೀರಿಕೊಳ್ಳುವವರೆಗೂ ಯುವಜನರ ಶಿಬಿರಗಳಲ್ಲೇ ಬದುಕಿದರು. ದೇಶದ ಎಷ್ಟೋ ಎನ್ನೆಸ್ಸೆಸ್ ಅಧ್ಯಾಪಕರು ಹಾಡಿನಿಂದ ಶಿಬಿರ ಆರಂಭಿಸುವುದನ್ನು, ಗದರದೆ ನೂರು ಜನರನ್ನು ಸಾಲಾಗಿ ಕೂರಿಸುವುದನ್ನು ಅವರನ್ನು ನೋಡಿಯೇ ಕಲಿತರು.

ಆದರೆ ಶಿಬಿರ ನಡೆಸುವುದನ್ನು ಕಲಿಸುವುದು ಒಂದು, ಊರಿನೊಂದಿಗೆ ಕೂಡಿ ಕಲಿಯುವುದನ್ನು ಕಲಿಸುವುದು ಇನ್ನೊಂದು. ಮೊದಲ ವರ್ಷಗಳಲ್ಲಿ ಕಾರ್ಯಕ್ರಮಾಧಿಕಾರಿಗಳ ತರಬೇತಿಗೆ ಹೆಗಲು ಕೊಟ್ಟವು ಸಮಾಜಕಾರ್ಯ ಶಾಲೆಗಳು. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ದೆಹಲಿಯ ಸಮಾಜಕಾರ್ಯ ಶಾಲೆ ಅವುಗಳಲ್ಲಿ ಮುಖ್ಯವಾದವು. ಆಮೇಲೆ ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ತರಬೇತಿ ಕೇಂದ್ರಗಳು ತೆರೆದವು. ಭೌತಶಾಸ್ತ್ರ, ವಾಣಿಜ್ಯ, ಕನ್ನಡ, ಗಣಿತ ಕಲಿಸುವವರು ಒಂದೇ ಜಮಖಾನೆಯ ಮೇಲೆ ಕೂತು, ಒಂದು ವಾರ ಸಮಾಜಕಾರ್ಯದ ಕಣ್ಣಿನಿಂದ ಊರನ್ನು ನೋಡಿದರು. ನಮ್ಮ ಉನ್ನತ ಶಿಕ್ಷಣದಲ್ಲಿ ಬೇರೆ ಬೇರೆ ವಿಭಾಗಗಳ ಅಧ್ಯಾಪಕರು ಹಾಗೆ ಒಟ್ಟಿಗೆ ಕೂತದ್ದು ಅಪರೂಪದ ಮಾತು.

ಎಪ್ಪತ್ತರ ದಶಕದ ತರಬೇತಿಯಲ್ಲಿ ಹೆಚ್ಚಿನ ಹೊತ್ತು ಕೆಲಸದ ವ್ಯವಸ್ಥೆಗೇ ಹೋಗುತ್ತಿತ್ತು ಎಂದು ಹಿರಿಯರು ಹೇಳುತ್ತಿದ್ದರು. ದೇಶ ಬರಗಾಲದಲ್ಲಿತ್ತು. ಕ್ಷಾಮದ ವಿರುದ್ಧ ಯುವಜನ, ಕೊಳೆ ಮತ್ತು ರೋಗದ ವಿರುದ್ಧ ಯುವಜನ ಎಂಬ ಘೋಷಣೆಗಳಡಿ ಶಿಬಿರಗಳು ನಡೆದವು. ಹಾರೆ, ಪಿಕಾಸಿ, ಬಾಣಲಿಗಳನ್ನು ಎಲ್ಲಿಂದ ತರಬೇಕು, ಹತ್ತು ದಿನಕ್ಕೆ ಅಕ್ಕಿ ಎಷ್ಟು, ಹೆಣ್ಣುಮಕ್ಕಳ ವಸತಿ ಎಲ್ಲಿ, ಪ್ರಭಾತಫೇರಿ ಎಷ್ಟು ಗಂಟೆಗೆ ಎಂಬುದೆಲ್ಲ ತರಬೇತಿಯ ವಿಷಯ. ಇದನ್ನು ಸಣ್ಣದೆಂದು ನಾನು ಎಣಿಸುವುದಿಲ್ಲ. ನೂರು ಮಕ್ಕಳನ್ನು ಕ್ಷೇಮವಾಗಿ ಕರೆದೊಯ್ದು ಕ್ಷೇಮವಾಗಿ ಮನೆಗೆ ಸೇರಿಸುವ ಭಾರ ಹೊತ್ತವರಿಗೆ ಅದರ ಬೆಲೆ ಗೊತ್ತು.

ನಾನು ತರಬೇತಿಗೆ ಹೋದದ್ದು 1990ರ ದಶಕದ ಮೊದಲ ವರ್ಷಗಳಲ್ಲಿ. ಅಷ್ಟರಲ್ಲಿ ಒಂದು ಹೊಸ ಗಾಳಿ ಬೀಸಿತ್ತು. 1989ರ ಸುಮಾರಿನಲ್ಲಿ ಮೈರಾಡ ಸಂಸ್ಥೆ ನಮ್ಮ ರಾಜ್ಯದ ಹಳ್ಳಿಗಳಲ್ಲಿ ಸಹಭಾಗಿತ್ವದ ಗ್ರಾಮ ಸಮೀಕ್ಷೆಯನ್ನು ನಡೆಸತೊಡಗಿತ್ತು. ಅದರಲ್ಲಿ ಊರಿನ ನಕ್ಷೆಯನ್ನು ಬರೆಯುವವರು ಊರಿನವರೇ. ಬರೆಯುವುದು ನೆಲದ ಮೇಲೆ, ರಂಗೋಲಿ ಪುಡಿ, ಕಲ್ಲು, ಕಾಳು, ಎಲೆಗಳಿಂದ. ಈ ವಿಧಾನ ನಮ್ಮ ತರಬೇತಿಗೂ ಬಂತು. ಮೂರನೆಯ ದಿನ ನಮ್ಮನ್ನು ಒಂದು ಹಳ್ಳಿಗೆ ಕರೆದೊಯ್ದು, ಗಂಡಸರ ಗುಂಪಿನಿಂದ ಒಂದು, ಹೆಂಗಸರ ಗುಂಪಿನಿಂದ ಇನ್ನೊಂದು ನಕ್ಷೆ ಬರೆಸಿದರು. ಗಂಡಸರ ನಕ್ಷೆಯಲ್ಲಿ ದೇವಸ್ಥಾನ, ಅರಳಿಕಟ್ಟೆ, ಹಾಲಿನ ಡೇರಿ, ಬಸ್ ನಿಲ್ಲುವ ಜಾಗ ದೊಡ್ಡದಾಗಿ ಬಂದವು. ಹೆಂಗಸರ ನಕ್ಷೆ ಶುರುವಾದದ್ದು ನೀರಿನ ಬಾವಿಯಿಂದ. ಅಲ್ಲಿಂದ ಸೌದೆಯ ದಾರಿ, ಕತ್ತಲಾದ ಮೇಲೆ ಬಯಲಿಗೆ ಹೋಗುವ ಜಾಗ, ಅಂಗನವಾಡಿ, ಸಾರಾಯಿ ಅಂಗಡಿ. ಎರಡೂ ಒಂದೇ ಊರಿನವು. ಎಪ್ಪತ್ತು ಮನೆಯ ಊರನ್ನು ಒಂದು ಘಟಕವೆಂದು ವರದಿಯಲ್ಲಿ ಬರೆಯುತ್ತಿದ್ದ ನಾವು ನಲವತ್ತು ಜನ ಅಧ್ಯಾಪಕರು ಆ ಎರಡು ನಕ್ಷೆಗಳ ನಡುವೆ ಬಹಳ ಹೊತ್ತು ನಿಂತಿದ್ದೆವು.

ಅದೇ ಸಂಜೆ ನಮ್ಮ ತರಬೇತುದಾರರಲ್ಲಿ ಒಬ್ಬರು, ಸಮಾಜಕಾರ್ಯದ ಅಧ್ಯಾಪಕಿ, ಎಲ್ಲರನ್ನೂ ಕೂರಿಸಿ ಕೇಳಿದರು: “ಸಾರ್, ನೀವು ಊರೊಳಗೆ ಯಾವ ಕಡೆಯಿಂದ ಹೋದಿರಿ?” ಎಲ್ಲರೂ ರಸ್ತೆಯ ಕಡೆಯಿಂದ, ಶಾಲೆ ಮತ್ತು ದೇವಸ್ಥಾನ ಇರುವ ಕಡೆಯಿಂದ ಹೋಗಿದ್ದೆವು. “ನಾಳೆ ಕೇರಿಯ ಕಡೆಯಿಂದ ಬನ್ನಿ” ಎಂದರು. ಮರುದಿನ ದಲಿತ ಕೇರಿಯಿಂದ ಊರಿಗೆ ನಡೆದು ಬಂದೆವು. ದಾರಿಯ ಅರ್ಧ ಭಾಗ ಕೆಸರು. ಊರಿನ ಕಡೆ ಚರಂಡಿ ಇತ್ತು, ಅದರ ನೀರು ಹರಿದು ನಿಲ್ಲುತ್ತಿದ್ದದ್ದು ಕೇರಿಯ ಬಾಯಿಯಲ್ಲಿ. ಅದಕ್ಕೂ ಹಿಂದಿನ ವರ್ಷ ಬೇರೊಂದು ಹಳ್ಳಿಯಲ್ಲಿ ತರಬೇತಿಯಿಲ್ಲದೆಯೇ ನಾನು ನಡೆಸಿದ್ದ ಶಿಬಿರದಲ್ಲಿ ಮಕ್ಕಳು ಏಳು ದಿನ ಬೆವರು ಸುರಿಸಿ ಸರಿಪಡಿಸಿದ್ದು ದೇವಸ್ಥಾನದ ಬೀದಿಯನ್ನು. ಆ ಕೆಲಸವನ್ನು ಊರಿನ ಪ್ರಮುಖರು ಸೂಚಿಸಿದ್ದರು, ನಾನು ಒಪ್ಪಿದ್ದೆ. ಕೇರಿಯಲ್ಲಿ ಯಾರನ್ನೂ ಕೇಳಿರಲಿಲ್ಲ. ಸ್ವಯಂಸೇವಕರಲ್ಲಿ ಆ ಕೇರಿಯಂಥದೇ ಕೇರಿಗಳಿಂದ ಬಂದ ಹುಡುಗರು ಇದ್ದರು, ಅವರೂ ಮಣ್ಣು ಹೊತ್ತಿದ್ದರು. ಆ ಲೋಪ ನನ್ನದು. ಅದನ್ನು ಇಲ್ಲಿ ಬರೆಯುವುದಕ್ಕೆ ಕಾರಣವಿದೆ: ಅಧ್ಯಾಪಕರಿಗೆ ತರಬೇತಿ ಯಾಕೆ ಬೇಕು ಎಂದು ಕೇಳುವವರಿಗೆ ಇದಕ್ಕಿಂತ ನೇರವಾದ ಉತ್ತರ ನನ್ನಲ್ಲಿಲ್ಲ. ಒಳ್ಳೆಯ ಮನಸ್ಸು ನನಗೆ ಆಗಲೂ ಇತ್ತು.

ಆಮೇಲಿನ ಶಿಬಿರಗಳಲ್ಲಿ ಊರಿಗೆ ಮೊದಲು ಮೂರು ಸಲ ಹೋಗಿಬರುವುದನ್ನು ರೂಢಿ ಮಾಡಿಕೊಂಡೆ. ಅಂಥದೊಂದು ಓಡಾಟದಲ್ಲಿ, ತುಮಕೂರು ಕಡೆಯ ಒಂದು ಹಳ್ಳಿಯ ರಾಗಿ ಹೊಲದ ಬದುವಿನಲ್ಲಿ, ಹರ್ಬೇರಿಯಂ ಹಾಳೆಗೆಂದು ಒಂದು ಗಿಡ ಕೀಳುತ್ತಿದ್ದೆ. ಸೊಪ್ಪು ಆಯುತ್ತಿದ್ದ ಅಜ್ಜಿಯೊಬ್ಬರು ನೋಡಿ, “ಅಯ್, ಅದ್ಯಾಕ್ ಕಿತ್ಕಂಡ್ರಿ ಮೇಷ್ಟ್ರೆ? ಹೂ ಬಂದ್ಮೇಲೆ ಅಣ್ಣೆ ಸೊಪ್ಪು ಯಾರಾರ ತಿಂತಾರಾ?” ಎಂದರು. ನಾನು ಸಿಲೋಸಿಯಾ ಅರ್ಜೆಂಟಿಯಾ ಎಂದು ಬರೆದುಕೊಳ್ಳುತ್ತಿದ್ದ ಗಿಡ ಅದು. ಅವರ ಮಡಿಲಲ್ಲಿ ಅಣ್ಣೆಯ ಎಳೆ ಕುಡಿ, ಹೊನಗೊನ್ನೆ, ಗಣಿಕೆ, ಗೋಣಿ ಸೊಪ್ಪು ಎಲ್ಲ ಕಲೆತಿದ್ದವು. ಬೆರಕೆ ಸೊಪ್ಪಿನ ಸಾರಿಗೆ. ಯಾವುದು ಮೊದಲ ಮಳೆಗೆ ಬರುತ್ತದೆ, ಯಾವುದನ್ನು ಕೆರೆ ಅಂಗಳದಿಂದ ತರಬೇಕು, ಯಾವುದನ್ನು ಬಾಣಂತಿಗೆ ಹಾಕುತ್ತಾರೆ, ಯಾವುದಕ್ಕೆ ಹುಳಿ ಸೇರಿಸಬೇಕು ಎಂದು ಅರ್ಧ ಗಂಟೆ ಹೇಳಿದರು. ಆ ವರ್ಷದ ಶಿಬಿರದಲ್ಲಿ ಒಂದು ಮಧ್ಯಾಹ್ನದ ಉಪನ್ಯಾಸವನ್ನು ಅವರೇ ಕೊಟ್ಟರು, ನಿಂತಲ್ಲೇ, ಸೊಪ್ಪಿನ ಗುಡ್ಡೆ ಮುಂದಿಟ್ಟುಕೊಂಡು.

ಕಾಲೇಜಿಗೆ ವಾಪಸಾದ ಮೇಲೆ ಅಮರಾಂತೇಸಿ ಕುಟುಂಬದ ಪಾಠವನ್ನು ನಾನು ಮೊದಲಿನಂತೆ ಮಾಡಲಿಲ್ಲ. ಅಲ್ಲಿಯವರೆಗೆ ಮಾದರಿಗೆ ತರುತ್ತಿದ್ದದ್ದು ಕಾಲೇಜು ತೋಟದ ಕೋಳಿಜುಟ್ಟಿನ ಹೂ. ಈಗ ಮಕ್ಕಳೇ ಅಣ್ಣೆ, ಹೊನಗೊನ್ನೆ, ದಂಟು ತಂದರು. ಮೂರೂ ಅದೇ ಕುಟುಂಬದವು. ಲ್ಯಾಟಿನ್ ಹೆಸರಿನ ಪಕ್ಕದಲ್ಲಿ ಊರಿನ ಹೆಸರು, ಕೀಳುವ ಕಾಲ, ಹೇಳಿದವರ ಹೆಸರು ಬರೆದ ಹಾಳೆಗಳು ರೆಕಾರ್ಡಿಗೆ ಸೇರಿದವು. ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂರುತ್ತಿದ್ದ ಹಳ್ಳಿಯ ಹುಡುಗಿಯರು ಆ ವಾರ ಇಡೀ ತರಗತಿಗೆ ಪಾಠ ಹೇಳಿದರು. ಸಮುದಾಯದೊಡನೆ ಬೆರೆತ ಬೋಧನೆ ಎಂದು ಈಗ ದೊಡ್ಡ ದೊಡ್ಡ ಕಡತಗಳಲ್ಲಿ ಬರೆಯುವುದನ್ನು ನಾನು ಕಂಡದ್ದು ಹೀಗೆ. ಶಿಬಿರದ ಏಳು ದಿನಕ್ಕಿಂತ ಈ ಒಂದು ವಾರದ ಪಾಠ ಹೆಚ್ಚು ಬಾಳಿತು.

ಇದೇ ಬಗೆಯ ಕಲಿಕೆ ದೊಡ್ಡ ಮಟ್ಟದಲ್ಲಿ ನಡೆದ ಇನ್ನೊಂದು ಕಡೆಯನ್ನು ಹೇಳಲೇಬೇಕು. ಅದು ಎನ್ನೆಸ್ಸೆಸ್ಸಿನ ಚರಿತ್ರೆಯಲ್ಲ, ಆದರೂ ನಮ್ಮ ತರಬೇತಿಗಳಲ್ಲಿ ಮತ್ತೆ ಮತ್ತೆ ಕೇಳಿಬಂದ ಕತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿ, ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಶಾಖೆ ತೆರೆದರು. ಅದೇ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರಿಗೆಲ್ಲ ಒಂದೇ ಗೋಬರ್ ಅನಿಲ ಸ್ಥಾವರ ಹಾಕಿದಾಗ ವಿಜ್ಞಾನಿಗಳ ಯೋಚನೆ ಇದ್ದದ್ದು ಅಡುಗೆಯ ಒಲೆಗೆ. ಸಿಗುವ ಸಗಣಿ ಎಲ್ಲ ಮನೆಗಳ ಅಡುಗೆಗೆ ಸಾಲಲಿಲ್ಲ. ಊರಿನವರಿಗೆ ಅದಕ್ಕಿಂತ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು. 1987ರಿಂದ ಅದೇ ಅನಿಲದಿಂದ ಎಂಜಿನ್ ಓಡಿಸಿ, ಕೊಳವೆಬಾವಿಯ ನೀರನ್ನು ಎತ್ತಿ ನಲ್ಲಿಗೆ ಕೊಟ್ಟರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ಗೊಬ್ಬರವಾಗಿ ಬಗ್ಗಡ ಮರಳಿತು. ಯಂತ್ರ ನೋಡಿಕೊಂಡವರು ಅದೇ ಊರಿನ ಹುಡುಗರು. ದೇಶದ ಅತ್ಯುತ್ತಮ ಪ್ರಯೋಗಾಲಯವೊಂದರ ಪ್ರಾಧ್ಯಾಪಕರು ತಮ್ಮ ಲೆಕ್ಕವನ್ನು ಹಳ್ಳಿಯ ಮಾತಿಗೆ ತಕ್ಕಂತೆ ತಿದ್ದಿಕೊಂಡರೆಂಬುದು ಒಂದು ವಾರದ ತರಬೇತಿಗೆ ಬಂದ ಪದವಿ ಕಾಲೇಜಿನ ಅಧ್ಯಾಪಕರಿಗೆ ಎಷ್ಟು ಧೈರ್ಯ ಕೊಡುತ್ತಿತ್ತೆಂದು ನಾನು ಬಲ್ಲೆ.

ನಮ್ಮ ವ್ಯವಸ್ಥೆಯ ದೌರ್ಬಲ್ಯಗಳನ್ನೂ ಇಲ್ಲಿ ಬರೆದಿಡಬೇಕು. ವಿಶ್ವವಿದ್ಯಾಲಯ ಧನಸಹಾಯ ಆಯೋಗ 1977ರಲ್ಲೇ ಬೋಧನೆ, ಸಂಶೋಧನೆಗಳ ಜೊತೆಗೆ ವಿಸ್ತರಣೆಯನ್ನು ಮೂರನೆಯ ಆಯಾಮವೆಂದು ಒಪ್ಪಿತ್ತು. ಆದರೂ ವಿಸ್ತರಣೆಯ ಕೆಲಸ ಬಹುತೇಕ ಕಾಲೇಜುಗಳಲ್ಲಿ ಒಬ್ಬ ಅಧ್ಯಾಪಕರ ಕೊಠಡಿಯಲ್ಲೇ ಉಳಿಯಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಬಂದ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳಲ್ಲಿ ಹೊಸ ಅಧ್ಯಾಪಕರಿಗೆ ನಾಲ್ಕು ವಾರದ ತರಬೇತಿ ಇತ್ತು. ಬಡ್ತಿಗೆ ಅದು ಬೇಕೇಬೇಕಿತ್ತು. ಎನ್ನೆಸ್ಸೆಸ್ ತರಬೇತಿ ಒಂದು ವಾರ, ಅದೂ ಕಾರ್ಯಕ್ರಮಾಧಿಕಾರಿಗೆ ಮಾತ್ರ. ಎರಡು ತರಬೇತಿಗಳೂ ಒಂದನ್ನೊಂದು ಮಾತಾಡಿಸಲಿಲ್ಲ. ಇನ್ನು ಕಾರ್ಯಕ್ರಮಾಧಿಕಾರಿಯ ಅವಧಿ ಮೂರು ವರ್ಷ, ಹೆಚ್ಚೆಂದರೆ ಇನ್ನೊಂದು. ಮೊದಲ ವರ್ಷ ಕಡತ ಅರ್ಥವಾಗುತ್ತದೆ, ಎರಡನೆಯ ವರ್ಷ ಊರು ಅರ್ಥವಾಗುತ್ತದೆ, ಮೂರನೆಯ ವರ್ಷ ಊರಿನವರಿಗೆ ನಾವು ಅರ್ಥವಾಗುತ್ತೇವೆ. ಆಗ ಚಾರ್ಜು ಬೇರೆಯವರಿಗೆ. ಹೊಸಬರಿಗೆ ಅವಕಾಶ ಸಿಗಲೆಂಬ ಉದ್ದೇಶ ಸರಿಯಾದದ್ದೇ. ಅವಧಿ ಮುಗಿದವರನ್ನು ಹೊಸಬರ ತರಬೇತಿಗೆ ಬಳಸಿಕೊಳ್ಳದೆ ಹೋದದ್ದು ಮಾತ್ರ ದೊಡ್ಡ ನಷ್ಟ. ವಿದ್ಯಾರ್ಥಿಗೆ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಎಂದು ನಿಗದಿಯಿದೆ, ಪ್ರಮಾಣಪತ್ರವಿದೆ. ಅಧ್ಯಾಪಕರು ಕಲಿತದ್ದನ್ನು ಅಳೆಯುವ ಪುಟ ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ.

ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಂಥ ಕಡೆ ಪಾಠಕ್ಕೂ ವಿಸ್ತರಣೆಗೂ ನಡುವಿನ ಗೋಡೆ ಕಡಿಮೆ ಇತ್ತು. ಅಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳು ಹಳ್ಳಿಯಲ್ಲೇ ಉಳಿದು ರೈತರ ಜೊತೆ ದುಡಿಯುವುದು ಪದವಿಯ ಭಾಗವೇ ಆಯಿತು. ಮಾರ್ಗದರ್ಶನಕ್ಕೆ ಅಧ್ಯಾಪಕರೂ ಹೋಗಲೇಬೇಕು. ಕಲಾ, ವಾಣಿಜ್ಯ, ವಿಜ್ಞಾನ ಪದವಿಗಳಿಗೆ ಅಂಥ ಬಾಗಿಲು ತೆರೆಯಲು 2020ರವರೆಗೆ ಕಾಯಬೇಕಾಯಿತು.

2014ರ ನವೆಂಬರಿನಲ್ಲಿ ಉನ್ನತ ಭಾರತ ಅಭಿಯಾನ ಆರಂಭವಾಗಿ, ಉನ್ನತ ಶಿಕ್ಷಣ ಸಂಸ್ಥೆಗಳು ಹಳ್ಳಿಗಳನ್ನು ಗುರುತಿಸಿ ಕೆಲಸ ಮಾಡತೊಡಗಿದವು. 2020ರಲ್ಲಿ ಧನಸಹಾಯ ಆಯೋಗ ಸಾಮಾಜಿಕ ಹೊಣೆಗಾರಿಕೆ ಮತ್ತು ಸಮುದಾಯ ಸಹಭಾಗಿತ್ವದ ಮಾರ್ಗಸೂಚಿ ಮತ್ತು ಪಠ್ಯಕ್ರಮ ಚೌಕಟ್ಟನ್ನು ಹೊರಡಿಸಿತು. ಅದರ ಹಿಂದಿನ ತಜ್ಞರ ಗುಂಪಿಗೆ ಅಧ್ಯಕ್ಷರಾಗಿದ್ದವರು 1982ರಲ್ಲಿ ದೆಹಲಿಯಲ್ಲಿ ಪ್ರಿಯಾ ಸಂಸ್ಥೆಯನ್ನು ಕಟ್ಟಿದ ರಾಜೇಶ್ ಟಂಡನ್; ಸಮುದಾಯ ಆಧಾರಿತ ಸಂಶೋಧನೆಯ ಯುನೆಸ್ಕೋ ಪೀಠವನ್ನು ಅವರು ಕೆನಡಾದ ಬಡ್ ಹಾಲ್ ಜೊತೆಗೂಡಿ 2012ರಿಂದ ನಡೆಸಿದವರು. ಆ ಚೌಕಟ್ಟಿನ ಕೋರ್ಸಿಗೆ ಎರಡು ಕ್ರೆಡಿಟ್, 30 ಗಂಟೆ. ಅದರಲ್ಲಿ ಕನಿಷ್ಠ ಅರ್ಧ ಕ್ಷೇತ್ರದಲ್ಲಿ. ಗ್ರಾಮ ಸಮಾಜ, ಗ್ರಾಮದ ಆರ್ಥಿಕತೆ ಮತ್ತು ಜೀವನೋಪಾಯ, ಗ್ರಾಮದ ಸಂಸ್ಥೆಗಳು, ಅಭಿವೃದ್ಧಿ ಕಾರ್ಯಕ್ರಮಗಳು ಎಂದು ನಾಲ್ಕು ಭಾಗ. ಊರಿನ ಅರಿವಿಗೆ ಅಂಕ ಸಿಗುವ ಕಾಲ ಬಂದಿದೆ, ಅದು ಸಂತೋಷದ ಸಂಗತಿ. ಈ ಕೋರ್ಸನ್ನು ಕಲಿಸುವ ಅಧ್ಯಾಪಕರಿಗೆ ತರಬೇತಿ ಕೊಡುವ ಕೆಲಸ ಹೊಸದಾಗಿ ನಡೆಯುತ್ತಿದೆ. ಅಲ್ಲಿಗೆ ಹೋಗಿಬಂದ ಕಿರಿಯ ಸಹೋದ್ಯೋಗಿಗಳು ರಂಗೋಲಿಯ ನಕ್ಷೆಯ ಮಾತೆತ್ತಿದಾಗ ನನಗೆ ಮೂವತ್ತು ವರ್ಷ ಹಿಂದಿನ ಆ ಅಂಗಳ ಕಣ್ಣಿಗೆ ಕಟ್ಟುತ್ತದೆ. ಅವರಿಗೆ ನನ್ನ ಒಂದೇ ಮಾತು: 15 ಗಂಟೆಯ ಕ್ಷೇತ್ರಕಾರ್ಯವನ್ನು ಒಂದು ಬಸ್ ಪ್ರವಾಸದಲ್ಲಿ ಮುಗಿಸಬೇಡಿ.

ಗ್ರಾಮದ ಸಂಸ್ಥೆಗಳ ಭಾಗವನ್ನು ಕಲಿಸುವವರು ಗದಗದ ಕಡೆ ಒಮ್ಮೆ ಹೋಗಿಬರಬೇಕು. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ 2016ರಲ್ಲಿ ಅಲ್ಲಿ ಬಂತು. ಅದೇ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದರು. ಮೈಸೂರು ವಿಶ್ವವಿದ್ಯಾಲಯಕ್ಕೂ 11 ವರ್ಷ ಹಿರಿಯ ಸಂಸ್ಥೆ ಅದು, ಒಂದು ಹಳ್ಳಿಯ ಜನ ಕಟ್ಟಿದ್ದು. ಊರಿಗೆ ಕಲಿಸಲು ಹೊರಟ ಅಧ್ಯಾಪಕರು 1905, 1916 ಎಂಬ ಆ ಎರಡು ಇಸವಿಗಳನ್ನು ಜೊತೆಯಾಗಿ ನೆನಪಿಟ್ಟುಕೊಂಡರೆ ಸಾಕು.

ಈ ಲೇಖನ ಬರೆಯುವಾಗ ಹಳೆಯ ತರಬೇತಿಗಳ ದಾಖಲೆ ಹುಡುಕಿದೆ. ಬೀರುವಿನಲ್ಲಿ ಸಿಕ್ಕಿದ್ದು ಖರ್ಚಿನ ವೋಚರುಗಳು ಮತ್ತು ಹಾಜರಾತಿ ಪಟ್ಟಿಗಳು. ನಕ್ಷೆಗಳನ್ನು ನಾವು ಕಾಗದಕ್ಕೆ ಇಳಿಸಿದ್ದೆವು, ಅವು ಉಳಿದಿಲ್ಲ. ಹಿರಿಯ ಕಾರ್ಯಕ್ರಮಾಧಿಕಾರಿಗಳಲ್ಲಿ, ಅವರ ಮನೆಯವರಲ್ಲಿ ನನ್ನ ಕೋರಿಕೆ ಇದು. ನಿಮ್ಮ ಅಟ್ಟದ ಮೇಲೆ ತರಬೇತಿಯ ಟಿಪ್ಪಣಿ ಪುಸ್ತಕ, ಶಿಬಿರದ ದಿನಚರಿ, ಊರಿನವರು ಬರೆದ ನಕ್ಷೆ, ಒಂದು ಗುಂಪು ಫೋಟೋ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ನಿಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ. ಅದರ ಒಂದು ಪ್ರತಿಯನ್ನು ಶಿಬಿರ ನಡೆದ ಊರಿನ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೂ ತಲುಪಿಸಿ.